ನದಿಗೆ ದಾರಿ ಬಿಟ್ಟ ನಾಡು

ಹಾಲೆಂಡ್ ಎಂದೇ ಪರಿಚಿತವಾದ ನೆದರ್ಲೆಂಡ್ಸ್ ದೇಶದ ಕಾಲುಭಾಗ ನೆಲ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಒಡ್ಡು ಕಟ್ಟಿ, ನೀರನ್ನು ಹೊರಹಾಕಿ, ಅಲ್ಲಿಯ ಜನ ಬಾಳುತ್ತಿದ್ದಾರೆ. ಒಡ್ಡು ಎಷ್ಟು ಎತ್ತರವಿರಬೇಕೆಂಬುದು ಅಲ್ಲಿ ಶಿಲ್ಪಿಗಳ ಲೆಕ್ಕವಷ್ಟೇ ಅಲ್ಲ, ರಾಜ್ಯಾಡಳಿತದ ಪ್ರಶ್ನೆಯೂ ಹೌದು.

1953ರ ಫೆಬ್ರವರಿ 1ರ ನಸುಕಿನಲ್ಲಿ ಉತ್ತರ ಸಮುದ್ರವು ಉಕ್ಕಿ ಒಡ್ಡುಗಳನ್ನು ಒಡೆಯಿತು. 1,836 ಮಂದಿ ಅಸುನೀಗಿದರು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯಂತಾಗಿತ್ತು ಸ್ಥಿತಿ. ಆದರೆ ಆ ತಿಂಗಳಲ್ಲೇ ಸರ್ಕಾರ ನೇಮಿಸಿದ ಡೆಲ್ಟಾ ಸಮಿತಿಯು ಮುಂದಿನ ದಾಳಿಯನ್ನೂ ಎಣಿಸಿತು. ಒಡ್ಡು ಎತ್ತರಿಸುವ ವೆಚ್ಚವೆಷ್ಟು, ಎತ್ತರಿಸದಿದ್ದರೆ ಆಗಬಹುದಾದ ನಷ್ಟವೆಷ್ಟು ಎಂದು ಗಣಿತಜ್ಞ ವಾನ್ ಡಾಂಟ್ಸಿಗ್ ತೂಗಿ ನೋಡಿದರು. ಜನನಿಬಿಡವಾದ ನಡುಹಾಲೆಂಡಿನ ಕರಾವಳಿಗೆ 10,000 ವರ್ಷಕ್ಕೊಮ್ಮೆ ಬರಬಹುದಾದ ಉಬ್ಬರವನ್ನು ತಡೆಯುವ ಒಡ್ಡು ಬೇಕೆಂದು ನಿರ್ಣಯವಾಯಿತು.

ಕಡಲನ್ನು ತಡೆದದ್ದಾಯಿತು, ನದಿಗಳು ಉಳಿದಿದ್ದವು. 1993ರಲ್ಲಿಯೂ 1995ರಲ್ಲಿಯೂ ರೈನ್ ಮತ್ತು ಮಾಸ್ ನದಿಗಳು ತುಂಬಿ ಹರಿದವು. 1995ರಲ್ಲಿ ಸುಮಾರು ಎರಡೂವರೆ ಲಕ್ಷ ಜನರು ಮನೆ ಬಿಟ್ಟು ಹೊರಟರು. ಹವೆ ಬಿಸಿಯಾದಂತೆ ಚಳಿಗಾಲದ ಮಳೆ ಹೆಚ್ಚುವುದೆಂದು ವಿಜ್ಞಾನಿಗಳು ಎಚ್ಚರಿಸಿದರು. ಒಡ್ಡನ್ನು ಮತ್ತಷ್ಟು ಎತ್ತರಿಸಬಹುದಾಗಿತ್ತು. ಆದರೆ ಎತ್ತರದ ಒಡ್ಡು ಒಡೆದರೆ ಅನಾಹುತವೂ ಅಷ್ಟೇ ಘೋರ. ಆದುದರಿಂದ ಸರ್ಕಾರ ಹಾದಿ ಬದಲಿಸಿ, ನದಿಗೆ ಹರಿಯಲು ಜಾಗ ಬಿಟ್ಟುಕೊಡಲು ನಿಶ್ಚಯಿಸಿತು. ಮೂವತ್ತಕ್ಕೂ ಹೆಚ್ಚು ಸ್ಥಳಗಳು, ಸುಮಾರು 230 ಕೋಟಿ ಯೂರೋ ವೆಚ್ಚ.

ಆದರೆ ಯಾರ ಜಾಗ? ನೈಮೇಗೆನ್ ನಗರದ ಎದುರುದಡದ ಲೆಂಟ್‌ನಲ್ಲಿ ಒಡ್ಡನ್ನು 350 ಮೀಟರು ಹಿಂದಕ್ಕೆ ಸರಿಸಲು ಸುಮಾರು 50 ಮನೆಗಳನ್ನು ಕೆಡವಬೇಕಾಯಿತು. ಮಾಸ್ ತೀರದ ಓವರ್‌ಡೀಪ್ಸೆ ತಗ್ಗುಪ್ರದೇಶದ ರೈತರು ತಮ್ಮ ಹೊಲಗಳಿಗೆ ಪ್ರವಾಹವನ್ನು ಬಿಡುವರೆಂದು ತಿಳಿದಾಗ ಸುಮ್ಮನೆ ಕೂರಲಿಲ್ಲ. ಪೂರ್ವಿಕರು ಮಾಡಿದಂತೆ ಮಣ್ಣಿನ ದಿಬ್ಬಗಳನ್ನು ಎತ್ತಿ, ಅವುಗಳ ಮೇಲೆ ಮನೆ, ಕೊಟ್ಟಿಗೆಗಳನ್ನು ಕಟ್ಟಿಕೊಡಿ ಎಂದು ತಾವೇ ಯೋಜನೆ ಮುಂದಿಟ್ಟರು. ಸರ್ಕಾರ ಒಪ್ಪಿತು. ಎಂಟು ದಿಬ್ಬಗಳೆದ್ದವು, ನದಿಯ ಪಕ್ಕದ ಒಡ್ಡನ್ನು ತಗ್ಗಿಸಲಾಯಿತು. ಎಂಟು ಮನೆತನಗಳು ಉಳಿದವು. ಉಳಿದವರು ಪರಿಹಾರ ಪಡೆದು ನೆಲೆ ಬಿಟ್ಟರು. ಮೇಲಿನ ಊರುಗಳು ಸುರಕ್ಷಿತವಾಗಲು ತೆತ್ತ ಬೆಲೆ ಅದು.

2012ರ ಡೆಲ್ಟಾ ಕಾನೂನು ಈ ಕಾರ್ಯಕ್ಕೆ ಪ್ರತ್ಯೇಕ ನಿಧಿಯನ್ನೂ ಒಬ್ಬ ಕಮಿಷನರನ್ನೂ ಒದಗಿಸಿತು. ಪ್ರತಿವರ್ಷವೂ ಯೋಜನೆ ಪಾರ್ಲಿಮೆಂಟಿನ ಮುಂದೆ ಬರುತ್ತದೆ. ಆರು ವರ್ಷಕ್ಕೊಮ್ಮೆ ಮೂಲ ನಿರ್ಧಾರಗಳ ಮರುಪರಿಶೀಲನೆ ನಡೆಯುತ್ತದೆ. ಕಡಲು ಎಷ್ಟು ಏರುವುದೋ ಖಚಿತವಿಲ್ಲದಿರುವಾಗ, ತಿದ್ದಿಕೊಳ್ಳಲು ಅವಕಾಶವಿರುವ ನೀತಿಯೇ ಲೇಸೆಂಬುದು ಇದರ ತತ್ತ್ವ.

ಇಷ್ಟಾದರೂ 2021ರ ಜುಲೈನಲ್ಲಿ ಖೂಲ್ ಎಂಬ ಚಿಕ್ಕ ಹೊಳೆ ಉಕ್ಕಿ ಫಾಲ್ಕೆನ್‌ಬುರ್ಗ್ ಪಟ್ಟಣಕ್ಕೆ ನುಗ್ಗಿತು. ಮಹಾನದಿಗಳ ಮೇಲೆ ಕಣ್ಣಿಟ್ಟವರಿಗೆ ಹಳ್ಳಕೊಳ್ಳಗಳೂ ಲೆಕ್ಕಕ್ಕೆ ಸೇರಬೇಕೆಂಬ ಪಾಠ ದೊರೆಯಿತು. ನೀರಿಗೆ ಎಲ್ಲಿಯಾದರೂ ಜಾಗ ಬೇಕೇ ಬೇಕು. ಅದು ಯಾರ ಜಾಗವೆಂಬುದನ್ನು ಬಿಸಿಲಿರುವಾಗಲೇ, ಕಳೆದುಕೊಳ್ಳುವವರೊಡನೆ ಕುಳಿತು ನಿರ್ಧರಿಸುವುದೇ ಆಡಳಿತ. ಇಲ್ಲವಾದರೆ ಆ ತೀರ್ಮಾನವನ್ನು ನಡುರಾತ್ರಿಯಲ್ಲಿ ನೀರೇ ಮಾಡುತ್ತದೆ.