ಪತ್ತನಾಜೆಗೆ ಮೊದಲು ಯಾವ ಕೋಳಿ?

ಕತ್ತಲಾದ ಮೇಲೆ ಗೂಡಿಗೆ ಕೈ ಹಾಕಿದರೆ ಕೋಳಿ ಗಲಾಟೆ ಮಾಡುವುದಿಲ್ಲ. ಕನ್ಯಾನದಲ್ಲಿ, ಕೇರಳ ಗಡಿಯ ಹತ್ತಿರದ ತೋಟದ ಮನೆಯೊಂದರಲ್ಲಿ ನಾನು ನೋಡಿದ ಆಯ್ಕೆ ನಡೆದದ್ದೂ ರಾತ್ರಿಯೇ. ಮನೆಯ ಅಕ್ಕ ಹೇಂಟೆಯನ್ನು ಕಂಕುಳಲ್ಲಿ ಅವುಚಿಕೊಂಡು, ಬಾಲದ ಕೆಳಗೆ ಬೆರಳಿಟ್ಟು, ಟಾರ್ಚ್ ಹಿಡಿದ ಮಗನಿಗೆ "ಇದು ಇರ್ಲಿ", "ಇದು ಬೇಡ" ಎನ್ನುತ್ತಿದ್ದರು. ಅರ್ಧ ನಿಮಿಷಕ್ಕೊಂದು ತೀರ್ಪು. ಬೇಡವಾದದ್ದರ ಕಾಲಿಗೆ ಬಾಳೆನಾರಿನ ಗಂಟು.

ಬೆರಳು ಹುಡುಕುವುದು ಗುದದ್ವಾರದ ಎರಡು ಬದಿಯ ಮೊನಚು ಎಲುಬುಗಳನ್ನು. ನಡುವೆ ಎರಡು ಬೆರಳು ಸಲೀಸಾಗಿ ಹಿಡಿದು, ಜಾಗ ಒದ್ದೆಯಾಗಿ ಮೆತ್ತಗಿದ್ದರೆ ಹೇಂಟೆ ಮೊಟ್ಟೆ ಇಡುತ್ತಿದೆ. ಒಂದು ಬೆರಳಿಗೂ ಎಡೆಯಿಲ್ಲದೆ ಒಣಗಿದ್ದರೆ ನಿಲ್ಲಿಸಿದೆ. ಅಮೆರಿಕದ ವಾಲ್ಟರ್ ಹೋಗನ್ 20ನೇ ಶತಮಾನದ ಆರಂಭದಲ್ಲಿ ಇದನ್ನೇ ಪುಸ್ತಕವಾಗಿಸಿ ಹೆಸರು ಮಾಡಿದ. ಅಕ್ಕನಿಗೆ ಹೇಳಿಕೊಟ್ಟದ್ದು ಅತ್ತೆ. ಮೊಟ್ಟೆ ಇಡುತ್ತ ಹೋದಂತೆ ಕೊಕ್ಕು, ಕಾಲುಗಳ ಹಳದಿ ಬಿಳಿಚಿಕೊಳ್ಳುತ್ತದೆ ಎಂಬ ಇನ್ನೊಂದು ಗುರುತು ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಊರ ಕೋಳಿಗಳಲ್ಲಿ ಕಪ್ಪು ಕಾಲಿನವೇ ಎಷ್ಟೋ.

ಒಂದು ಬೂದು ಹೇಂಟೆಗೆ ಒಂದೇ ಬೆರಳು ಹಿಡಿಯಿತು. ಜುಟ್ಟೂ ಬಿಳಿಚಿತ್ತು. ಆದರೂ ನಾರು ಬೀಳಲಿಲ್ಲ. ಕಾವಿಗೆ ಕೂತು ಎದ್ದದ್ದಂತೆ. ಫಾರಂ ಲೆಕ್ಕದಲ್ಲಿ ಪದೇಪದೇ ಕಾವಿಗೆ ಕೂರುವ ಹೇಂಟೆಯೇ ಮೊದಲು ಹೋಗಬೇಕಾದದ್ದು: 21 ದಿನ ಮೊಟ್ಟೆಯ ಮೇಲೆ, ಆಮೇಲೆ ತಿಂಗಳುಗಟ್ಟಲೆ ಮರಿಗಳ ಹಿಂದೆ. ಅಷ್ಟು ಕಾಲ ಮೊಟ್ಟೆ ಇಲ್ಲ. ಅಕ್ಕ ಒಪ್ಪಲಿಲ್ಲ.

"ಮೊಟ್ಟೆ ಇಡ್ಲಿಕ್ಕೆ ಎಲ್ಲದಕ್ಕೂ ಬರ್ತದೆ ಮಾರಾಯ್ರೆ. ಗಿಡುಗ ಬಂದಾಗ ಮರಿ ಅಡಗಿಸ್ಲಿಕ್ಕೆ ಎಷ್ಟಕ್ಕೆ ಬರ್ತದೆ?"

ನಾನು ಅಕ್ಕನ ಕಡೆ. ಹೆಬ್ಬಾಳದಲ್ಲಿ ರೂಪುಗೊಂಡು 1989ರಲ್ಲಿ ಬಂದ ಗಿರಿರಾಜ, 2005ರ ಸ್ವರ್ಣಧಾರ ಮೊಟ್ಟೆಯಲ್ಲಿ ಊರ ಕೋಳಿಯನ್ನು ಎಷ್ಟೋ ಹಿಂದೆ ಹಾಕಿವೆ, ಕಾವು ಮಾತ್ರ ಮರೆತಿವೆ. ಯಂತ್ರವಿಲ್ಲದ ಮನೆಯಲ್ಲಿ ಅವುಗಳ ಮೊಟ್ಟೆಗೂ ಊರ ಹೇಂಟೆಯೇ ಹೊಟ್ಟೆ ಕೊಡಬೇಕು.

ಹೇಂಟೆಗಳ ಲೆಕ್ಕ ಅಲ್ಲಿಗೆ ಮುಗಿಯಿತು. ತೊಡಕು ಹುಂಜಗಳದ್ದು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹೆಚ್ಚಾದರೆ ಹೇಂಟೆಗಳ ಬೆನ್ನಿನ ಪುಕ್ಕ ಉಳಿಯುವುದಿಲ್ಲ. ಹಾಗಿದ್ದೂ ಆ ಗೂಡಿನಲ್ಲಿ ಐದಿದ್ದವು. ಒಂದು ದೈವಕ್ಕೆ ಹರಕೆ ಹೇಳಿಕೊಂಡದ್ದು, ಅದರ ಮಾತೆತ್ತುವ ಹಾಗಿಲ್ಲ. ಉಳಿದವನ್ನು ಕಾಯುತ್ತಿದ್ದದ್ದು ಮಗನ ಮೇಜಿನ ಮೇಲಿದ್ದ ಕುಕ್ಕುಟ ಪಂಚಾಂಗ.

ಈ ಪುಸ್ತಿಕೆ ಎಲ್ಲಿ ಕಂಡರೂ ಕೈಗೆತ್ತಿಕೊಳ್ಳುವ ಚಾಳಿ ನನ್ನದು. ಯಾವ ವಾರ, ಯಾವ ನಕ್ಷತ್ರ, ಯಾವ ಹೊತ್ತಿನಲ್ಲಿ ಯಾವ ಬಣ್ಣದ ಹುಂಜಕ್ಕೆ ಅಂಕದ ಕಾಳಗದಲ್ಲಿ ಗೆಲುವು ಎಂದು ಗಂಭೀರವಾಗಿ ಹೇಳುತ್ತದೆ. ಬಿಳಿಯ ಬೊಳ್ಳೆಗೆ ಒಂದು ಹೊತ್ತು, ಕೆಂಪು ಕೆಮ್ಮೈರೆಗೆ ಇನ್ನೊಂದು. ಎದುರಾಳಿಯ ಕಿಸೆಯಲ್ಲೂ ಇದೇ ಪುಸ್ತಕವಿದ್ದರೆ ಸೋಲುವ ಬಣ್ಣವನ್ನು ಅಂಕಕ್ಕೆ ತರುವವರು ಯಾರು ಎಂದು ಕೇಳಿದೆ. ಹುಡುಗ ನಕ್ಕ. ಕೋಳಿ ಅಂಕಕ್ಕೆ ಹೋಗುವುದಿಲ್ಲ, ಸುಮ್ಮನೆ ಓದುವುದು ಎಂದ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಹಿಂಸೆ ತಡೆ ಕಾಯ್ದೆಯಡಿ ಅಪರಾಧ ಎಂಬುದು ಅವನಿಗೂ ಗೊತ್ತಿದೆ. ಅಂಕದ ಮಾತು ಹೇಗೂ ಇರಲಿ, ಪಂಚಾಂಗ ಗೂಡಿನೊಳಗೆ ಮಾಡುವ ಕೆಲಸವೇ ಬೇರೆ. ಪ್ರತಿ ಬಣ್ಣಕ್ಕೂ ಒಂದಲ್ಲ ಒಂದು ದಿನ ಗೆಲುವಿದೆ ಎಂದಮೇಲೆ ಯಾವ ಹುಂಜವನ್ನು ಬೇಡ ಎನ್ನುವುದು? ಭವಿಷ್ಯ ಸುಳ್ಳಾದರೂ ಹುಂಜಕ್ಕೆ ಆಯುಷ್ಯ.

ಅಕ್ಕ ಪಂಚಾಂಗ ಕೇಳುವವರಲ್ಲ. ಬೇಶ ತಿಂಗಳ ಹತ್ತರ ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ನೇಮ ಕೋಲಗಳಿಗೆ ತೆರೆ. ಅಷ್ಟರೊಳಗೆ ಹರಕೆಯದ್ದು ಸಂದಾಯವಾಗಬೇಕು, ಗೂಡೂ ಹಗುರಾಗಬೇಕು. ಮಳೆ ಹಿಡಿದ ಮೇಲೆ ಒದ್ದೆ ಗೂಡಿನಲ್ಲಿ ಕೋಳಿ ಕಿಕ್ಕಿರಿದರೆ ರಕ್ತಭೇದಿ ಶುರುವಾಗುತ್ತದೆ, ಮೊದಲು ಹೋಗುವುದು ಮರಿಗಳು. ತೂಕಡಿಸುವ, ಹಸಿರು ಹಿಕ್ಕೆ ಹಾಕುವ ಕೋಳಿಯನ್ನು ಅವರು ಮಾರುವುದೂ ಇಲ್ಲ, ಅಡುಗೆಗೂ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಬೇರೆ ಬುಟ್ಟಿ, ಸತ್ತರೆ ಗುಂಡಿ. ಕೊಕ್ಕರೆ ರೋಗದಲ್ಲಿ ಒಮ್ಮೆ ಗೂಡು ಬರಿದಾದ ಮನೆ ಅದು.

ಕೊನೆಗೆ ನಾರು ಬಿದ್ದದ್ದು ನಾಲ್ಕು ಹೇಂಟೆ, ಎರಡು ಹುಂಜಗಳಿಗೆ. ಎಳೆಯ ಹುಂಜಗಳು ಸುಕ್ಕಕ್ಕೆ. ಮುದಿ ಹೇಂಟೆ ಸುಕ್ಕಕ್ಕೆ ಆಗದು, ಚರ್ಮದಂತೆ ಎಳೆಯುತ್ತದೆ. ಅದನ್ನು ಕಟ್ಟಿಗೆ ಒಲೆಯಲ್ಲಿ ನಿಧಾನಕ್ಕೆ ಬೇಯಿಸಿ ಗಸಿ ಮಾಡಿ ರೊಟ್ಟಿಯ ಮೇಲೆ ಸುರಿಯಬೇಕು. ಕೋರಿರೊಟ್ಟಿಗೆ ಬ್ರಾಯ್ಲರ್ ಹಾಕುವ ಹೋಟೆಲಿನವರು ಇದನ್ನು ಒಪ್ಪಲಿಕ್ಕಿಲ್ಲ.