ತೋಟದ ಗಾಡಿಗೆ ಬೋಲ್ಟಿನ ಕೊಂಡಿ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಅಡಿಕೆ ತೋಟಗಳು ಹೆಚ್ಚಾಗಿ ಗುಡ್ಡಗಳ ನಡುವಣ ತಗ್ಗಿನಲ್ಲಿಯೂ ಮನೆ, ಹಟ್ಟಿ, ಅಡಿಕೆ ಒಣಗಿಸುವ ಅಂಗಳಗಳು ಅವುಗಳಿಗಿಂತ ಎತ್ತರದಲ್ಲಿಯೂ ಇರುವುದರಿಂದ, ಗೊಬ್ಬರ ಮತ್ತು ಸೊಪ್ಪನ್ನು ಕೆಳಗಿಳಿಸುವುದು, ಗೊನೆಗಳನ್ನು ಮೇಲೇರಿಸುವುದು ಇಲ್ಲಿನ ಕೃಷಿಯ ಮುಖ್ಯ ದುಡಿಮೆಗಳಾಗಿವೆ. ಮರದಿಂದ ಮರಕ್ಕೆ ಸುಮಾರು ಒಂಬತ್ತು ಅಡಿ ಅಂತರವಿದ್ದು, ನಡುನಡುವೆ ನೀರು ಬಸಿಯುವ ಕಣಿಗಳಿರುವ ತೋಟದೊಳಗೆ ದೊಡ್ಡ ಟ್ರ್ಯಾಕ್ಟರ್ ತಿರುಗಲಾರದು. ತಲೆಹೊರೆಗೆ ಆಳು ಸಿಗುವುದು ಕಷ್ಟವಾದಂತೆ ಪವರ್ ಟಿಲ್ಲರ್, ಮಿನಿ ಟ್ರ್ಯಾಕ್ಟರ್ ಮತ್ತು ಹಳೆಯ ಜೀಪುಗಳು ಈ ಹೊರೆಯನ್ನು ವಹಿಸಿಕೊಂಡವು. ಅಗಲವಾದ, ಕಡಿಮೆ ಗಾಳಿ ತುಂಬಿದ ನಾಲ್ಕು ಟೈರುಗಳಿದ್ದು, ಬೈಕಿನಂತೆ ಹ್ಯಾಂಡಲ್ ಹಿಡಿದು ಓಡಿಸುವ ಎಟಿವಿ ಈ ಸಾಲಿಗೆ ಸೇರಬಲ್ಲ ಇನ್ನೊಂದು ವಾಹನ. ಟಿಲ್ಲರ್ ಮತ್ತು ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟುವ ವ್ಯವಸ್ಥೆ ಕಂಪನಿಯಿಂದಲೇ ಬರುತ್ತದೆ. ಜೀಪು ಮತ್ತು ಎಟಿವಿಗಳಿಗೆ ಅದು ಇಲ್ಲದಿದ್ದರೆ ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿಕೊಳ್ಳಬೇಕು.

ಯಂತ್ರವನ್ನು ತಮ್ಮ ನೆಲಕ್ಕೆ ಒಗ್ಗಿಸಿಕೊಳ್ಳುವ ಕೃಷಿಕರ ಕೆಲಸಕ್ಕೆ ಪುತ್ತೂರಿನಲ್ಲಿ ಗೌರವದ ಸ್ಥಾನವಿದೆ. 1988ರಿಂದ ಅಲ್ಲಿಂದ ಪ್ರಕಟವಾಗುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕರ ಅನುಭವವನ್ನು ಕೃಷಿಕರ ಮಾತಿನಲ್ಲಿಯೇ ದಾಖಲಿಸುತ್ತ ಬಂದಿದ್ದರೆ, ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ ಸಹಭಾಗಿತ್ವದ ಕೃಷಿ ಯಂತ್ರ ಮೇಳಗಳು ಇಂಥ ಯಂತ್ರಗಳನ್ನು ಜನರ ಮುಂದೆ ತಂದಿವೆ.

ಟ್ರೇಲರ್ ಕಟ್ಟುವ ಈ ಕೊಂಡಿಯನ್ನು ವಾಹನದ ಚಾಸಿಗೆ ನೇರವಾಗಿ ವೆಲ್ಡ್ ಮಾಡುವುದು ಅಗ್ಗದ ಮತ್ತು ಬೇಗ ಮುಗಿಯುವ ದಾರಿಯಾದರೂ ಅದು ಒಳ್ಳೆಯ ದಾರಿಯಲ್ಲ. ವೆಲ್ಡಿಂಗಿನ ಕಾವು ತಟ್ಟಿದ ಭಾಗದಲ್ಲಿ ಉಕ್ಕಿನ ಗುಣ ಬದಲಾಗಿ, ಕಲ್ಲುದಾರಿಯ ಕುಲುಕಾಟಕ್ಕೆ ಬೆಸುಗೆಯ ಅಂಚಿನಲ್ಲಿಯೇ ಬಿರುಕು ಹುಟ್ಟುತ್ತದೆ. ಬಿರುಕು ಬಿಟ್ಟದ್ದು ಚಾಸಿಯಾದ್ದರಿಂದ ಇಡೀ ವಾಹನವೇ ಕೆಡುತ್ತದೆ. ಆದ್ದರಿಂದ ಆರರಿಂದ ಎಂಟು ಮಿಲಿಮೀಟರ್ ದಪ್ಪದ ಪ್ಲೇಟು ಮತ್ತು ಆಂಗ್ಲುಗಳನ್ನು ಶಾಪಿನ ಮೇಜಿನ ಮೇಲೆಯೇ ಬೆಸೆದು, ತಣಿದ ನಂತರ ಚಾಸಿಗೆ ಬೋಲ್ಟು ಹಾಕಿ ಕೂರಿಸುವುದು ಸರಿಯಾದ ಕ್ರಮ. ಎಟಿವಿಯ ಹಿಂದಿನ ಕ್ಯಾರಿಯರ್ ಸಾಮಾನು ಇಡಲಿಕ್ಕೆಂದು ಮಾಡಿದ್ದೇ ಹೊರತು ಎಳೆಯಲಿಕ್ಕಲ್ಲವಾದ್ದರಿಂದ ಕೊಂಡಿ ಅದನ್ನು ಆಧರಿಸಬಾರದು.

ಈ ಕೆಲಸಕ್ಕೆ ತಕ್ಕ ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಂಕಿ ಇರುತ್ತದೆ. ಮೊದಲ ಎಂಟು, ಆ ಉಕ್ಕು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 80 ಕಿಲೋ ಎಳೆತದವರೆಗೆ ತುಂಡಾಗದು ಎಂಬುದನ್ನೂ, ಚುಕ್ಕಿಯ ನಂತರದ ಎಂಟು, ಅದರ ನೂರಕ್ಕೆ ಎಂಬತ್ತರಷ್ಟು ಎಳೆತದವರೆಗೆ ಅದು ಶಾಶ್ವತವಾಗಿ ಹಿಗ್ಗದು ಎಂಬುದನ್ನೂ ಸೂಚಿಸುತ್ತದೆ. 4.6 ಎಂದು ಬರೆದ ಬೋಲ್ಟು ನೋಡಲು ಹಾಗೆಯೇ ಇದ್ದರೂ ಅದರ ಬಲ ಇದರ ಅರ್ಧದಷ್ಟೇ. ಬೋಲ್ಟಿನ ನಿಜವಾದ ಕೆಲಸ ಎರಡು ಲೋಹಗಳನ್ನು ಬಿಗಿಯಾಗಿ ಒತ್ತಿ ಹಿಡಿಯುವುದು. ಎಳೆತವನ್ನು ತಡೆಯುವುದು ಆ ಒತ್ತಡದಿಂದ ಹುಟ್ಟುವ ಘರ್ಷಣೆ. ಬೋಲ್ಟು ಸಡಿಲಾದೊಡನೆ ಎಳೆತವೆಲ್ಲ ಅದರ ಮೈಮೇಲೆ ಅಡ್ಡವಾಗಿ ಬೀಳುತ್ತದೆ, ತೂತು ದಿನೇದಿನೇ ಉದ್ದವಾಗುತ್ತದೆ. ಹನ್ನೆರಡು ಮಿಲಿಮೀಟರ್ ಬೋಲ್ಟಿಗೆ ಹದಿಮೂರರ ತೂತನ್ನು ಡ್ರಿಲ್ಲಿನಿಂದಲೇ ಕೊರೆಯಬೇಕು, ಗ್ಯಾಸ್ ಕಟ್ಟರಿನಿಂದಲ್ಲ. ನೈಲಾನ್ ಉಂಗುರವುಳ್ಳ ನಟ್ಟು ಹಾಕಬೇಕು. ಮೊದಲ ಕೆಲವು ಹೊರೆಗಳಾದ ಮೇಲೆ ಸ್ಪ್ಯಾನರ್ ಹಿಡಿದು ಬಿಗಿಯನ್ನು ಮತ್ತೆ ನೋಡಬೇಕು.

ಗುಡ್ಡೆ ಪ್ರದೇಶದಲ್ಲಿ ಇದೆಲ್ಲಕ್ಕಿಂತ ಮುಖ್ಯವಾದುದು ಕೊಂಡಿಯ ಎತ್ತರ. ಏರಿನಲ್ಲಿ ಟ್ರೇಲರ್ ಹಿಂದಕ್ಕೆ ಜಗ್ಗುವಾಗ ವಾಹನ ತನ್ನ ಹಿಂದಿನ ಚಕ್ರಗಳ ಮೇಲೆ ಹಿಮ್ಮುಖವಾಗಿ ಮಗುಚಲು ನೋಡುತ್ತದೆ, ಕೊಂಡಿ ನೆಲದಿಂದ ಮೇಲೇರಿದಷ್ಟೂ ಆ ಮಗುಚುವ ಬಲ ಹೆಚ್ಚುತ್ತದೆ. ಹೊರೆ ಸೇರಿ 300 ಕಿಲೋ ತೂಗುವ ಟ್ರೇಲರ್, ಐದು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ, ಮಣ್ಣಿನ ತಡೆಯನ್ನು ಬಿಟ್ಟರೂ ಸುಮಾರು 60 ಕಿಲೋದಷ್ಟು ಹಿಂದಕ್ಕೆ ಜಗ್ಗುತ್ತದೆ. ಹಗುರವಾದ ಎಟಿವಿಯ ಮುಂದಿನ ಚಕ್ರಗಳು ನೆಲ ಬಿಡಲು, ಎತ್ತರದ ಕೊಂಡಿಯೊಂದಿಗೆ ಒಂದು ಜೋರಾದ ಕುಲುಕು ಸೇರಿದರೆ ಸಾಕು. ಹಿಂದಿನ ಆ್ಯಕ್ಸಲಿಗಿಂತ ಮೇಲೆ ಕೊಂಡಿ ಬರಬಾರದು. ಇಳಿಜಾರಿನಲ್ಲಿ ಇದೇ ತೂಕ ಹಿಂದಿನಿಂದ ತಳ್ಳುತ್ತದೆ, ತಿರುವಿನಲ್ಲಿ ವಾಹನವನ್ನು ಅಡ್ಡ ತಿರುಗಿಸುತ್ತದೆ. ಆದ್ದರಿಂದ ಹೊರೆಯ ಮಿತಿಯನ್ನು ಎಂಜಿನ್ನಿನ ಎಳೆಯುವ ಬಲಕ್ಕಲ್ಲ, ಬ್ರೇಕಿನ ತಡೆಯುವ ಬಲಕ್ಕೆ ತಕ್ಕಂತೆ ಇಡಬೇಕು. ಟ್ರೇಲರನ್ನು ಕೊಂಡಿಗೆ ಸೇರಿಸುವ ಪಿನ್ನು ಜಾರಿ ಬೀಳದಂತೆ ಅದರ ತುದಿಗೆ ಕ್ಲಿಪ್ಪು, ಅದೂ ಸೋತರೆ ಟ್ರೇಲರ್ ತಪ್ಪಿಸಿಕೊಂಡು ಹೋಗದಂತೆ ಒಂದು ಸರಪಳಿ ಇರಲೇಬೇಕು.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ, ಈ ಟ್ರೇಲರುಗಳ ಮೇಲೆ ಸಾಗಬಹುದಾದ ಮುಖ್ಯ ಹೊರೆಗಳಲ್ಲೊಂದು. ತುಂಬಿದ 200 ಲೀಟರಿನ ಡ್ರಮ್ಮು 200 ಕಿಲೋಗಿಂತ ಹೆಚ್ಚು ತೂಗುತ್ತದೆ, ಅರ್ಧ ಖಾಲಿಯಾದಾಗ ಒಳಗಿನ ದ್ರಾವಣ ಏರಿನಲ್ಲಿ ಹಿಂದಕ್ಕೂ ಇಳಿಜಾರಿನಲ್ಲಿ ಮುಂದಕ್ಕೂ ಹೊರಳುತ್ತದೆ. ಮೈಲುತುತ್ತು ಕಬ್ಬಿಣವನ್ನು ತಿನ್ನುವುದರಿಂದ ಕೊಂಡಿಗೆ ರೆಡ್ ಆಕ್ಸೈಡ್ ಮತ್ತು ಪೇಂಟು, ಪಿನ್ನಿಗೆ ಗ್ರೀಸು ಬೇಕೇ ಬೇಕು.

ಇದೆಲ್ಲವೂ ತೋಟದ ಒಳಗಿನ ಮಾತು. ರಸ್ತೆಗಿಳಿದರೆ ಕಾನೂನನ್ನೂ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನೂ ಮೋಟಾರು ವಾಹನವೆಂದೇ ಪರಿಗಣಿಸಿ ಅದಕ್ಕೆ ನೋಂದಣಿಯನ್ನು ಕಡ್ಡಾಯಗೊಳಿಸಿದೆ, ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದನ್ನು ನಿರ್ಬಂಧಿಸಿದೆ. ಜೀಪು ಸುಬ್ರಹ್ಮಣ್ಯಕ್ಕೋ ಪುತ್ತೂರು ಪೇಟೆಗೋ ಹೊರಟಾಗ ನಾಲ್ಕು ನಟ್ಟು ಬಿಚ್ಚಿ ಕೊಂಡಿಯನ್ನು ಶೆಡ್ಡಿನಲ್ಲಿಟ್ಟು ಹೋಗಲು ಬೋಲ್ಟಿನ ಜೋಡಣೆಯಲ್ಲಿ ಅವಕಾಶವಿದೆ.