ನಡೆಯುವವನಿಗೆ ನೀರು ಕೊಡಿ



ಮಾಘ ಮಾಸದಲ್ಲಿ ಕೊಟ್ಟೂರಿನ ತೇರಿಗೆ ನಡೆದು ಬರುವವರನ್ನು ನೀವೆಲ್ಲ ನೋಡಿದ್ದೀರಿ. ದಾವಣಗೆರೆಯ ಕಡೆಯಿಂದ ಬರುತ್ತಾರೆ, ಹರಪನಹಳ್ಳಿಯ ಕಡೆಯಿಂದ ಬರುತ್ತಾರೆ, ಕೂಡ್ಲಿಗಿಯ ಕಡೆಯಿಂದ ಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯ ಜನ ಅವರಿಗಾಗಿ ಕಾದು ನಿಂತಿರುತ್ತಾರೆ. ಒಬ್ಬರು ನೀರು ಕೊಡುತ್ತಾರೆ, ಒಬ್ಬರು ಮಜ್ಜಿಗೆ ಕೊಡುತ್ತಾರೆ, ಇನ್ನೊಬ್ಬರು ಊಟಕ್ಕೆ ಕರೆಯುತ್ತಾರೆ. ಬೊಕ್ಕೆ ಬಂದ ಕಾಲಿಗೆ ಎಣ್ಣೆ ಹಚ್ಚುವವರೂ ಉಂಟು. "ನೀನು ಇನ್ನೂ ಕೊಟ್ಟೂರು ಮುಟ್ಟಿಲ್ಲ, ಮುಟ್ಟಿದ ಮೇಲೆ ಬಾ, ಆಗ ನೀರು ಕೊಡುತ್ತೇನೆ" ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಇಲ್ಲ. ನೀರು ಬೇಕಾಗಿರುವುದು ನಡೆಯುತ್ತಿರುವವನಿಗೆ. ಮುಟ್ಟಿದವನಿಗೆ ಹೇಗೂ ಊರೆಲ್ಲ ಪ್ರಸಾದವೇ.

ಆದರೆ ಕುಡಿತ ಬಿಟ್ಟು ಮನೆಯ ಕಡೆಗೆ ನಡೆಯುತ್ತಿರುವ ಮನುಷ್ಯನ ವಿಷಯದಲ್ಲಿ ನಾವು ಮಾಡುವುದೇನು? ಅವನು ಪೂರ್ತಿ ಬಿಟ್ಟ ಮೇಲೆ, ವರ್ಷಗಟ್ಟಲೆ ಬಿಟ್ಟ ಮೇಲೆ, ಸಾಲ ತೀರಿಸಿದ ಮೇಲೆ ನೋಡೋಣ ಎನ್ನುತ್ತೇವೆ. ಅಲ್ಲಿಯವರೆಗೆ ಅವನಿಗೆ ಒಂದು ತಂಬಿಗೆ ನೀರಿನಷ್ಟು ಒಳ್ಳೆಯ ಮಾತೂ ಇಲ್ಲ. ಈ ದಿನ ನಾವು ನಿಮಗೆ ಹೇಳಬೇಕೆಂದಿರುವುದು ಇದೊಂದೇ ವಿಷಯ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಗರಿಬೊಮ್ಮನಹಳ್ಳಿಯ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಒಬ್ಬ ಹಮಾಲ ಇದ್ದಾನೆಂದು ಇಟ್ಟುಕೊಳ್ಳಿ. ಹದಿನೈದು ವರ್ಷಗಳ ಕುಡಿತ. ಒಂದು ದಿನ ಏನೋ ಮನಸ್ಸು ಮಾಡಿ, ಸಂಜೆ ಬಟವಾಡೆ ತೆಗೆದುಕೊಂಡು, ಕುಡಿಯುವ ಅಂಗಡಿಯ ಮುಂದಿನ ದಾರಿ ಬಿಟ್ಟು, ಹಿಂದಿನ ಓಣಿಯಿಂದ ಸುತ್ತು ಹಾಕಿ ಮನೆಗೆ ಬರುತ್ತಾನೆ. ಕೈ ನಡುಗುತ್ತಿದೆ, ಮೈ ಬೆವರುತ್ತಿದೆ. ಹೆಂಡತಿಗೆ ಹೇಳುತ್ತಾನೆ: "ನೋಡು, ಇವತ್ತು ಮುಟ್ಟಿಲ್ಲ."

ಆಕೆ ಏನು ಹೇಳಬಹುದು? "ಹದಿನೈದು ವರ್ಷ ಕುಡಿದು ಮನಿ ತೊಳೆದ್ರಿ. ಇವತ್ತೊಂದಿನ ಬಿಟ್ಟಿದ್ದಕ್ಕ ನಿಮಗ ಆರತಿ ಎತ್ತಬೇಕೇನು?"

ಆಕೆಯ ಮಾತಿನಲ್ಲಿ ತಪ್ಪಿದೆಯೇ? ಇಲ್ಲ. ಕೊರಳಿನ ತಾಳಿ ಒತ್ತೆ ಇಟ್ಟವಳು ಆಕೆ. ಏಟು ತಿಂದವಳು ಆಕೆ. ಮಗಳ ಶಾಲೆ ಬಿಡಿಸಬೇಕಾದಾಗ ಬಾಗಿಲ ಹಿಂದೆ ನಿಂತು ಅತ್ತವಳು ಆಕೆ. ಆಕೆಯ ಸಿಟ್ಟು ಹದಿನೈದು ವರ್ಷಗಳ ಲೆಕ್ಕ. ಅದನ್ನು ಒಂದೇ ಸಂಜೆ ನುಂಗಿಕೊಳ್ಳಮ್ಮ ಎಂದು ಹೇಳುವ ಅಧಿಕಾರ ನಮಗಿಲ್ಲ, ಯಾರಿಗೂ ಇಲ್ಲ.

ಹಾಗಾದರೆ ಅವನ ಮಾತು? ಅದೂ ಸುಳ್ಳಲ್ಲ. ಆ ಒಂದು ಸಂಜೆ ಅವನು ಹೊತ್ತ ಭಾರ ಅಂದು ಹೊತ್ತ ಮೂಟೆಗಳೆಲ್ಲಕ್ಕಿಂತ ಹೆಚ್ಚಿನದು. ಆ ಭಾರ ಯಾರಿಗೂ ಕಾಣುವುದಿಲ್ಲ. ಕಾಣದ ಭಾರವನ್ನು ಕಂಡು "ಹೌದು, ಹೊತ್ತೆ" ಎಂದು ಹೇಳುವವರು ಒಬ್ಬರು ಬೇಕು. ಮನೆಯಾಕೆಗೆ ಇಂದು ಅದು ಆಗದಿದ್ದರೆ ತಾಯಿ ಹೇಳಲಿ, ಅಣ್ಣ ಹೇಳಲಿ, ಜೊತೆಯ ಹಮಾಲ ಹೇಳಲಿ, ಮಠ ಹೇಳಲಿ.

ಇದು ಬರೀ ಮೃದು ಮಾತಿನ ಸಂಗತಿಯಲ್ಲ, ಇದರ ಹಿಂದೆ ಒಂದು ಕಾರಣವಿದೆ. ಕುಡಿತ ಮೆದುಳಿಗೆ ಒಂದು ಪಾಠ ಕಲಿಸಿರುತ್ತದೆ: ಗುಟುಕು ಹಾಕು, ಕೂಡಲೇ ಸುಖ. ಬಿಡುವುದರ ಲಾಭವೋ ಬಹಳ ದೂರದಲ್ಲಿದೆ. ಆರೋಗ್ಯ ಮುಂದಿನ ತಿಂಗಳು, ಹಣ ಮುಂದಿನ ವರ್ಷ, ಮಾನ ಅದರ ಮುಂದಿನ ವರ್ಷ. ಹತ್ತಿರದ ಸುಖಕ್ಕೂ ದೂರದ ಲಾಭಕ್ಕೂ ಕುಸ್ತಿ ಬಿದ್ದರೆ ಹತ್ತಿರದ್ದೇ ಗೆಲ್ಲುತ್ತದೆ. ಆದ್ದರಿಂದ ಬಿಡುವ ದಾರಿಯಲ್ಲಿಯೂ ಇಂದೇ ಕೈಗೆ ಸಿಗುವ ಒಂದು ಸಣ್ಣ ಸಂತೋಷ ಇರಬೇಕು. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗ್ಗಿನ್ಸ್ ಎಂಬ ವಿದ್ವಾಂಸರು 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಕೊಕೇನ್ ಎಂಬ ಮಾದಕ ವಸ್ತುವಿಗೆ ಬಿದ್ದವರಿಗೆ, ಮೂತ್ರ ಪರೀಕ್ಷೆಯಲ್ಲಿ ಶುದ್ಧರೆಂದು ಕಂಡ ಪ್ರತಿ ಸಲವೂ, ಸಾಮಾನು ಕೊಳ್ಳಲು ಒಂದು ಚೀಟಿ ಕೊಟ್ಟರು. ಹಾಗೆ ಕೊಟ್ಟಲ್ಲಿ ಹೆಚ್ಚು ಜನ ಚಿಕಿತ್ಸೆಯಲ್ಲಿ ಉಳಿದರು, ಹೆಚ್ಚು ದಿನ ದೂರ ಉಳಿದರು. ಬಹುಮಾನ ಸಣ್ಣದಾದರೂ ಚಿಂತೆಯಿಲ್ಲ. ಅದು ಕೂಡಲೇ ಸಿಗಬೇಕು, ತಪ್ಪದೆ ಸಿಗಬೇಕು.

ಅದೇ ದೇಶದಲ್ಲಿ 1935ರಲ್ಲಿ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವನು, ಒಬ್ಬ ವೈದ್ಯ, ಒಬ್ಬರಿಗೊಬ್ಬರು ಆಸರೆಯಾಗಿ ಕುಡಿತ ಬಿಟ್ಟರು. ಅದರಿಂದ ಹುಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘ. ಇಂದು ಅದು ನಮ್ಮ ದೇಶದಲ್ಲಿಯೂ ಇದೆ. ಅವರು ಜನ್ಮವಿಡೀ ಬಿಡುತ್ತೇನೆ ಎಂದು ಹೇಳಿಸುವುದಿಲ್ಲ. ಇವತ್ತು ಒಂದು ದಿನ, ಇಪ್ಪತ್ನಾಲ್ಕು ಗಂಟೆ, ಅಷ್ಟೇ. ಅವರ ಅನೇಕ ಸಭೆಗಳಲ್ಲಿ ಒಂದು ದಿನ ಕಳೆದವನಿಗೆ ಒಂದು ಬಿಲ್ಲೆ, ತಿಂಗಳು ಕಳೆದವನಿಗೆ ಒಂದು ಬಿಲ್ಲೆ, ವರ್ಷ ಕಳೆದವನಿಗೆ ಒಂದು ಬಿಲ್ಲೆ ಕೊಡುತ್ತಾರೆ. ಆ ಬಿಲ್ಲೆಗೆ ಅಂಗಡಿಯಲ್ಲಿ ಬೆಲೆಯಿಲ್ಲ. ಆದರೆ ಕುಡಿಯಬೇಕೆನಿಸಿದಾಗ ಜೇಬಿನಲ್ಲಿ ಕೈಗೆ ತಾಗಿ, ನೀನು ಇಷ್ಟು ದೂರ ಬಂದಿದ್ದೀಯೆ ಎಂದು ಅದು ಹೇಳುತ್ತದೆ.

ನಮ್ಮ ನಾಡಿನಲ್ಲಿ ಇಂಥ ದಾರಿ ಇಲ್ಲವೆಂದು ತಿಳಿಯಬೇಡಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬುವರಿದ್ದರು. ಹೆಂಡ ಮಾರುವ ಕಾಯಕದವರು. ಕುಡಿಯಲು ಬಂದವರಿಗೇ ಕುಡಿತದ ಕೇಡನ್ನು ತಿಳಿಸಿ ಹೇಳುತ್ತಿದ್ದರೆಂದು ಅವರ ಕಥೆ. ಕುಡುಕನನ್ನು ದೂರ ತಳ್ಳಿ ಉಪದೇಶ ಮಾಡಲಿಲ್ಲ, ಅವನು ನಿಂತಲ್ಲಿಯೇ ಮಾತಾಡಿಸಿದರು. ಷಟ್‌ಸ್ಥಲದ ಮಾತನ್ನೂ ನೆನೆಯಿರಿ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಿಲು. ಮೊದಲ ಮೆಟ್ಟಿಲಿನ ಮೇಲೆ ನಿಂತವನನ್ನು ಭಕ್ತ ಎಂದು ಹೆಸರಿಟ್ಟು ಗೌರವಿಸಿದರೇ ಹೊರತು, ಇನ್ನೂ ಐಕ್ಯನಾಗಿಲ್ಲವೆಂದು ಹಳಿಯಲಿಲ್ಲ.

ನಮ್ಮ ಕಾಲದಲ್ಲಿ ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆ ಹಿಡಿದು ಹೊರಟರು. ಸ್ವಾಮಿಗಳ ಜೋಳಿಗೆಗೆ ಜನ ಜೋಳ ಹಾಕುತ್ತಾರೆ, ರೊಟ್ಟಿ ಹಾಕುತ್ತಾರೆ, ಕಾಣಿಕೆ ಹಾಕುತ್ತಾರೆ. ಇವರು ಕೇಳಿದ ಭಿಕ್ಷೆಯೇ ಬೇರೆ: ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿರಿ ಎಂದರು. ಓಣಿ ಓಣಿ ತಿರುಗಿದರು. ಬೀಡಿ ಹಾಕಿದವರುಂಟು, ತಂಬಾಕು ಹಾಕಿದವರುಂಟು, ಕುಡಿಯುವುದಿಲ್ಲವೆಂದು ಮಾತು ಹಾಕಿದವರುಂಟು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನೆಯ ದಿನವನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ.

ಆ ಜೋಳಿಗೆಯ ಗುಟ್ಟನ್ನು ಗಮನಿಸಿರಿ. ಜೋಳಿಗೆಯಲ್ಲಿ ಹಾಕುವುದೆಂದರೆ ಕೊಡುವುದು. ಕುಡುಕನೆಂದರೆ ಊರಿನಲ್ಲಿ ಎಲ್ಲರ ಮುಂದೆ ಕೈ ಚಾಚುವವನು. ಅಂಥವನನ್ನು ಒಂದು ಗಳಿಗೆ ದಾನಿಯನ್ನಾಗಿ ಮಾಡಿದರು. ತಲೆ ತಗ್ಗಿಸಿ ಬಂದವನು ತಲೆ ಎತ್ತಿ ಹೋದನು. ಆದರೆ ಜೋಳಿಗೆಗೆ ಹಾಕಿದ ದಿನ ಪಾದಯಾತ್ರೆ ಹೊರಟ ದಿನ ಮಾತ್ರ. ನಡೆಯುವುದು ಮುಂದೆ ಇದೆ. ಅಲ್ಲಿ ಜೊತೆಯಾಗಬೇಕಾದವರು ಊರಿನವರು.

ಧರ್ಮಸ್ಥಳದ ಕ್ಷೇತ್ರದವರು ಜನಜಾಗೃತಿ ವೇದಿಕೆಯ ಮೂಲಕ ರಾಜ್ಯದ ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಇದನ್ನು ಮನಗಂಡಿದ್ದಾರೆ. ಶಿಬಿರ ಎಂಟು ದಿನ. ಅದು ಮುಗಿದ ಮೇಲೆ ಬಿಟ್ಟವರೆಲ್ಲ ನವಜೀವನ ಸಮಿತಿಗಳಲ್ಲಿ ಕೂಡುತ್ತಾರೆ. ನೂರು ದಿನ ಕಳೆದವರಿಗೆ ಶತದಿನೋತ್ಸವ ಮಾಡುತ್ತಾರೆ. ನೂರು ದಿನಕ್ಕೊಂದು ಉತ್ಸವ! ಕೇಳಿದವರು ನಗಬಹುದು. ಆದರೆ ನೂರು ಸಂಜೆ ಅಂಗಡಿಯ ಮುಂದಿನ ದಾರಿ ಬಿಟ್ಟು ಹಿಂದಿನ ಓಣಿಯಿಂದ ಬಂದವನು ನಗುವುದಿಲ್ಲ.

ಇಲ್ಲಿ ಒಂದು ಎಚ್ಚರದ ಮಾತನ್ನು ಗಟ್ಟಿಯಾಗಿ ಹೇಳಬೇಕು. ಬಹಳ ವರ್ಷ ದಿನವೂ ಹೆಚ್ಚಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯವುಂಟು. ಮೊದಲ ದಿನವೇ ಕೈಕಾಲು ನಡುಗುತ್ತವೆ, ನಿದ್ರೆ ಬರುವುದಿಲ್ಲ, ವಾಂತಿಯಾಗುತ್ತದೆ. ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಾದ ಮೇಲೆ ಕೆಲವರು ಇಲ್ಲದ್ದನ್ನು ಕಾಣುತ್ತಾರೆ, ಇಲ್ಲದ ಮಾತು ಕೇಳಿತೆನ್ನುತ್ತಾರೆ. ಆಗ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಲು ಓಡಬೇಡಿರಿ, ಆಸ್ಪತ್ರೆಗೆ ಓಡಿರಿ. ಅದಕ್ಕೆ ಔಷಧವಿದೆ. ಇಂಥವನು ಬಿಡುವ ಮೊದಲೇ ವೈದ್ಯರನ್ನು ಕಂಡರೆ ಇನ್ನೂ ಒಳ್ಳೆಯದು. ಅವನಿಗೆ ತಿಳಿಯದಂತೆ ಊಟದಲ್ಲಿ ಕುಡಿತ ಬಿಡಿಸುವ ಪುಡಿ ಬೆರೆಸುವುದನ್ನೂ ಮಾಡಬೇಡಿ. ಅದರ ಮೇಲೆ ಕುಡಿದರೆ ಜೀವಕ್ಕೇ ಕುತ್ತು ಬರಬಹುದು.

ಆಸ್ಪತ್ರೆ ಎಂದರೆ ಹುಚ್ಚರ ಆಸ್ಪತ್ರೆ ಎಂದು ಹಿಂಜರಿಯಬೇಡಿರಿ. ಈ ವಿಷಯದಲ್ಲಿ ನಮ್ಮ ನೆಲ ದೇಶಕ್ಕೇ ದಾರಿ ತೋರಿಸಿದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಮಾನಸಿಕ ರೋಗದ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೇ ತರಬೇಕೆಂದು ಒಂದು ಪ್ರಯೋಗ ಹಾಕಿಕೊಂಡರು. ಅದಕ್ಕೆ ಆರಿಸಿದ್ದು ಬಳ್ಳಾರಿ ಜಿಲ್ಲೆ. ಆಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ ಆ ಜಿಲ್ಲೆಯಲ್ಲಿದ್ದವು. 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿ ಇಂದು ಇವೆ. ಇಲ್ಲಿ ಕಂಡುಕೊಂಡ ಮಾದರಿಯ ಮೇಲೆಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2022ರಿಂದ ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿಯೂ ಇದೆ. 14416ಕ್ಕೆ ಕರೆ ಮಾಡಿದರೆ ಖರ್ಚಿಲ್ಲದೆ ಸಲಹೆ ಸಿಗುತ್ತದೆ, ಕನ್ನಡದಲ್ಲಿಯೂ ಮಾತಾಡುತ್ತಾರೆ.

ಇನ್ನು, ನಡೆಯುವವನು ಎಡವಿದರೆ? ಎಡವುತ್ತಾನೆ. ಬಹಳ ಜನ ಎಡವುತ್ತಾರೆ. ನಲವತ್ತು ದಿನ ಬಿಟ್ಟವನು ನಲವತ್ತೊಂದನೆಯ ದಿನ ಮದುವೆಯ ಮನೆಯಲ್ಲಿ ಗೆಳೆಯರ ಒತ್ತಾಯಕ್ಕೆ ಕುಡಿದ ಎನ್ನಿ. ಆಗ ಊರು ಏನೆನ್ನುತ್ತದೆ? "ನಾಯಿ ಬಾಲ ಡೊಂಕು" ಎನ್ನುತ್ತದೆ. ಅವನೂ ಹಾಗೆಯೇ ಅಂದುಕೊಳ್ಳುತ್ತಾನೆ: "ಹೋಯಿತಲ್ಲ, ಇನ್ನೇನು, ಕುಡಿದೇ ಬಿಡೋಣ." ಮೊದಲನೆಯ ಗುಟುಕು ಮಾಡಿದ್ದಕ್ಕಿಂತ ಹೆಚ್ಚು ಕೇಡನ್ನು ಆ ಯೋಚನೆ ಮಾಡುತ್ತದೆ.

2017ರಲ್ಲಿ ಕೊಟ್ಟೂರಿನ ತೇರು ಎಳೆಯುವಾಗಲೇ ಉರುಳಿ ಬಿದ್ದದ್ದು ನಿಮಗೆ ನೆನಪಿದೆ. ಅಷ್ಟು ದೊಡ್ಡ ತೇರು, ಸಾವಿರಾರು ಜನರ ಕಣ್ಣ ಮುಂದೆ. ಅಂದು ಅತ್ತವರೆಷ್ಟು ಜನ! ಆದರೆ ಇನ್ನು ಕೊಟ್ಟೂರಿಗೆ ತೇರೇ ಬೇಡವೆಂದು ಯಾರಾದರೂ ಹೇಳಿದರೇ? ಹೊಸ ತೇರು ಕಟ್ಟಿದರು, ಮತ್ತೆ ಮಿಣಿ ಹಿಡಿದರು. ದೇವರ ತೇರು ಬಿದ್ದರೆ ಎತ್ತುವ ನಾವು, ಮನುಷ್ಯ ಬಿದ್ದರೆ ಕಲ್ಲು ಹೊಡೆಯಬೇಕೆ? ಬಿದ್ದವನಿಗೆ ಹೇಳಬೇಕಾದ ಮಾತು ಇಷ್ಟು: "ನಲವತ್ತು ದಿನ ನೀನು ಬಿಟ್ಟದ್ದು ನಿಜ. ಅದನ್ನು ಯಾರೂ ಕಸಿದುಕೊಂಡಿಲ್ಲ. ಎಲ್ಲಿ ಎಡವಿದೆ ನೋಡಿಕೋ. ನಾಳೆಯಿಂದ ಮತ್ತೆ ನಡೆ." ಮದುವೆಯ ಮನೆಯಲ್ಲಿ ಎಡವಿದವನು ಮುಂದಿನ ಮದುವೆಗೆ ಮನೆಯವರ ಜೊತೆ ಹೋಗಿ ಊಟ ಮುಗಿಸಿ ಕೂಡಲೇ ಬರಲಿ.

ಈಗ, ಮಾಡಬೇಕಾದ್ದೇನು ಎಂದು ಕೇಳುತ್ತೀರಿ. ದೊಡ್ಡ ಖರ್ಚು ಬೇಡ. ಗೋಡೆಯ ಮೇಲೆ ಮಗು ಸುಣ್ಣದಿಂದ ದಿನಕ್ಕೊಂದು ಗೆರೆ ಎಳೆಯಲಿ. ಕುಡಿತಕ್ಕೆ ದಿನಕ್ಕೆ ನೂರು ರೂಪಾಯಿ ಹೋಗುತ್ತಿತ್ತು ಎನ್ನಿ. ಏಳು ದಿನಕ್ಕೆ 700, ತಿಂಗಳಿಗೆ 3,000, ವರ್ಷಕ್ಕೆ 36,500 ರೂಪಾಯಿ. ಆ ಹಣವನ್ನು ಮನೆಯಾಕೆಯ ಕೈಯಲ್ಲಿ ಒಂದು ಡಬ್ಬಿಯಲ್ಲಿ ಹಾಕಲಿ. ವಾರ ಕಳೆದರೆ ಮನೆಯಲ್ಲಿ ಹೋಳಿಗೆಯಾಗಲಿ. ತಿಂಗಳು ಕಳೆದರೆ ಮಗಳಿಗೆ ಪುಸ್ತಕ ಬರಲಿ. ನೂರು ದಿನ ಕಳೆದರೆ ಹಡಗಲಿ ಮಲ್ಲಿಗೆಯ ದಂಡೆ ತಂದು ಮೊದಲು ಆ ತಾಯಿಗೆ ಮುಡಿಸಿರಿ, ಏಕೆಂದರೆ ಆ ನೂರು ದಿನ ಉಸಿರು ಹಿಡಿದು ಕಾದವಳು ಆಕೆ. ಆದರೆ ಗೆಲುವಿನ ಹೆಸರಿನಲ್ಲಿ ಗೆಳೆಯರನ್ನು ಕೂಡಿಸಿ ಪಾರ್ಟಿ ಎನ್ನಬೇಡಿರಿ. ನೀರು ಕೊಡುವ ನೆಪದಲ್ಲಿ ಬಾವಿಗೆ ತಳ್ಳಿದಂತಾಗುತ್ತದೆ.

ಬಿಡುತ್ತಿರುವ ಅಣ್ಣತಮ್ಮಂದಿರಿಗೂ ಒಂದು ಮಾತು. ನಾನು ಹತ್ತು ದಿನ ಬಿಟ್ಟೆ, ನನ್ನನ್ನು ಹೊಗಳಲಿಲ್ಲವೆಂದು ಮುನಿಸಿಕೊಂಡು ಅಂಗಡಿಯ ಕಡೆ ತಿರುಗಬೇಡಿರಿ. ಹೊಗಳಿಕೆ ಸಾಲ ವಸೂಲಿಯಲ್ಲ. ನಿಮ್ಮ ಮಾತನ್ನು ಮನೆಯವರು ನಂಬುವುದಕ್ಕೆ ದಿನಗಳು ಬೇಕು. ಆ ದಿನಗಳನ್ನು ಕೊಡುವುದೇ ನಿಮ್ಮ ಕಾಯಕ. ಕುಡಿಯಬೇಕೆನ್ನುವ ಆಸೆ ಅಲೆಯ ಹಾಗೆ ಏರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಆ ಅರ್ಧ ಗಂಟೆ ಯಾರಾದರೊಬ್ಬರ ಜೊತೆ ಕೂಡಿರಿ, ಏನಾದರೂ ತಿನ್ನಿರಿ, ನಾಲ್ಕು ಹೆಜ್ಜೆ ನಡೆಯಿರಿ.

2007ರ ಜುಲೈ 1ರಂದು ಸರಕಾರ ಸಾರಾಯಿ ನಿಲ್ಲಿಸಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಅಂಗಡಿ ಮುಚ್ಚಿಸುವ ಕೆಲಸ ಸರಕಾರದ್ದು, ಕೇಳುವ ಹಕ್ಕು ನಿಮ್ಮದು. ಅದು ಇಂದಾಗಲಿ, ಮುಂದಾಗಲಿ. ಆದರೆ ಇಂದು ಸಂಜೆ ನಿಮ್ಮ ಓಣಿಯಲ್ಲಿ ಒಬ್ಬನು ಕುಡಿಯದೆ ಮನೆಗೆ ಬಂದರೆ ಅವನನ್ನು ನೋಡಿ "ಬಾರಪ್ಪ, ಊಟ ಆಯ್ತೇನು?" ಎಂದು ಕೇಳುವುದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ಅಷ್ಟು ಮಾಡಿರಿ. ನಡೆಯುವವನಿಗೆ ನೀರು ಕೊಡಿರಿ.